ಹಳೆಯ ರೆಕಾರ್ಡ್ ಪ್ಲೇಯರ್ ಸರಿ ಮಾಡಿಸಬೇಕೆ, ಹಾಡುಗಳನ್ನು ಇನ್ನೂ ಹಣ ಕೊಟ್ಟು ಕೊಳ್ಳಬೇಕೆ?

ಕ್ಯಾತ್ಸಂದ್ರ ಕೇಳುಗ:
ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಮನೆಯ ಮೇಲಂತಸ್ತಿನ ಒಂದು ಕೋಣೆಯನ್ನು ಸಂಗೀತ ಕೇಳುವುದಕ್ಕೆಂದೇ ಬಿಟ್ಟುಕೊಳ್ಳಲು ಮನೆಯವರು ಅಂತೂ ಒಪ್ಪಿದ್ದಾರೆ. ಕೈಯಲ್ಲಿರುವ ಹಣ ನಲವತ್ತು ಸಾವಿರ ರೂಪಾಯಿ. ಮುಚ್ಚಳದಲ್ಲಿಯೇ ಸ್ಪೀಕರ್ ಇರುವ, ಸೂಟ್‌ಕೇಸಿನಂತೆ ಮಡಚಿ ಒಯ್ಯಬಹುದಾದ ರೆಕಾರ್ಡ್ ಪ್ಲೇಯರ್ ಒಂದು ತಂದೆಯವರ ಕಾಲದಿಂದ ಇದೆ. ಅದರ ಜೊತೆಗೆ ಒಂದಷ್ಟು ಎಲ್.ಪಿ.ಗಳು (ನಿಮಿಷಕ್ಕೆ 33⅓ ಸುತ್ತುವ ದೊಡ್ಡ ತಟ್ಟೆಗಳು), ಕೆಲವು 78ರ ತಟ್ಟೆಗಳು (ನಿಮಿಷಕ್ಕೆ 78 ಸುತ್ತುವ ಇನ್ನೂ ಹಳೆಯವು) ಮತ್ತು ಟ್ರಂಕುಗಳ ತುಂಬ ಕ್ಯಾಸೆಟ್‌ಗಳಿವೆ. ಕ್ಯಾಸೆಟ್‌ಗಳಲ್ಲಿ ಅರ್ಧಕ್ಕರ್ಧ ಅಂಗಡಿಯಿಂದ ಕೊಂಡವು. ಉಳಿದವು ನಮ್ಮ ಬೀದಿಯ ಭಜನಾ ಮಂಡಳಿಯ ಹಾಡಿಕೆ, ಊರ ಹಬ್ಬದ ಹರಿಕಥೆ ಹೀಗೆ ತಂದೆಯವರೇ ಟೂ-ಇನ್-ಒನ್ ಇಟ್ಟು ರೆಕಾರ್ಡ್ ಮಾಡಿದವು.

ನನ್ನ ಪ್ರಶ್ನೆಗಳು ಎರಡು. ಹಳೆಯ ಪ್ಲೇಯರನ್ನು ಸರಿ ಮಾಡಿಸುವುದೋ, ಹೊಸ ಟರ್ನ್‌ಟೇಬಲ್ (ತಟ್ಟೆಯನ್ನು ತಿರುಗಿಸಿ ಮುಳ್ಳಿನಿಂದ ಓದುವ ಯಂತ್ರ), ಆಂಪ್ಲಿಫೈಯರ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಮತ್ತು ಸ್ಪೀಕರ್ ತರುವುದೋ? ಎರಡನೆಯದಾಗಿ, ಮುಂದೆ ಹಾಡುಗಳನ್ನು ಯಾವ ರೂಪದಲ್ಲಿ ಕೊಳ್ಳುವುದು? ಒಂದು ಕಾಲಕ್ಕೆ ಕ್ಯಾಸೆಟ್ ಅಂಗಡಿಗಳಿದ್ದ ನಮ್ಮ ಬೀದಿಯಲ್ಲಿ ಈಗ ಮೊಬೈಲ್ ಕವರ್ ಮಾತ್ರ ಸಿಗುತ್ತದೆ. ತಿಂಗಳ ಚಂದಾ ಕಟ್ಟಿದರೆ ಜಗತ್ತಿನ ಹಾಡೆಲ್ಲ ಜೇಬಿನಲ್ಲಿ ಇರುವಾಗ ಇದೆಲ್ಲ ಏಕೆ ಎಂದು ನಮ್ಮ ಭಾವಮೈದ ನಗುತ್ತಾನೆ. ತಿಳಿದವರು ಹೇಳಬೇಕು.

ಗುಬ್ಬಿಗೇಟ್:
ಏನೇ ಮಾಡಿ, ಆ ಪ್ಲೇಯರನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಬೇಡಿ. ಹೊಗೆ ಬಂದ ಮೇಲೆ ಇಲ್ಲಿ ಫೋಟೊ ಹಾಕುವವರನ್ನು ಸಾಕಷ್ಟು ನೋಡಿದ್ದೇವೆ.

ಹಳೇ ಬೆಸುಗೆ:
ಗುಬ್ಬಿಗೇಟ್ ಅವರ ಮಾತು ನಿಜ. ವರ್ಷಾನುಗಟ್ಟಲೆ ಅಟ್ಟದ ಮೇಲೆ ಕುಳಿತ ಸೆಟ್ಟಿನಲ್ಲಿ ಮೊದಲು ಕೈಕೊಡುವುವು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು, ಎಂದರೆ ಕರೆಂಟನ್ನು ತುಸು ಹೊತ್ತು ಹಿಡಿದಿಡುವ ಪುಟ್ಟ ಡಬ್ಬಿಗಳು. ಅವುಗಳ ಒಳಗಿನ ದ್ರವ ಒಣಗಿರುತ್ತದೆ. ನಾವು ರಿಪೇರಿಯವರು ಇಂಥ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ ಹಳೆಯ ಕಾಲದ ಅರವತ್ತು ವ್ಯಾಟಿನ ತಂತಿಯ ಬಲ್ಬನ್ನು ಸೀರೀಸಿನಲ್ಲಿ, ಎಂದರೆ ಸೆಟ್ಟಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ, ಹಾಕುತ್ತೇವೆ. ಬಲ್ಬು ಒಮ್ಮೆ ಮಿನುಗಿ ಮಂದವಾದರೆ ಮುಂದುವರಿಯಬಹುದು. ಝಗ್ಗನೆ ಹೊತ್ತಿ ಹಾಗೆಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆಯೆಂದು ತಿಳಿದು ಸ್ವಿಚ್ಚು ಆರಿಸಬೇಕು. ಎಲ್.ಇ.ಡಿ. ಬಲ್ಬಿನಲ್ಲಿ ಈ ಪರೀಕ್ಷೆ ನಡೆಯದು.

ಇನ್ನು ಮುಳ್ಳಿನ ವಿಚಾರ. ಇಂಥ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು ಅದರ ಅದುರನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ) ಇರುತ್ತದೆ, ಅದರ ಮುಳ್ಳು ನೀಲಮಣಿಯದು. ವಜ್ರದ ಮುಳ್ಳು ಐದುನೂರರಿಂದ ಸಾವಿರ ಗಂಟೆಯವರೆಗೆ ಬಾಳಿದರೆ ಇದು ಬಾಳುವುದು ಅದರ ಒಂದು ಸಣ್ಣ ಪಾಲು ಮಾತ್ರ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್ ತಟ್ಟೆಯ ಮೇಲೆ ಸಾಮಾನ್ಯವಾಗಿ ಎರಡು ಎರಡೂವರೆ ಗ್ರಾಂ ಭಾರ ಹಾಕುತ್ತದೆ; ಆ ಹಳೆಯ ತೋಳು ಅದರ ಎರಡು ಮೂರು ಪಟ್ಟು ಒತ್ತುತ್ತದೆ. ಸವೆದ ಮುಳ್ಳು, ಮೇಲೆ ಅಷ್ಟು ಭಾರ ಎಂದಾದರೆ ಪ್ರತಿ ಸಲ ಹಾಡು ಕೇಳಿದಾಗಲೂ ತಟ್ಟೆಯ ಗೀರನ್ನು ನೀವೇ ಕೆರೆದು ಹಾಕುತ್ತಿದ್ದೀರಿ ಎಂದು ಲೆಕ್ಕ.

ಮತ್ತೊಂದು ಮಾತು. 78ರ ತಟ್ಟೆಯ ಗೀರು ಅಗಲ, ಎಲ್.ಪಿ.ಯದು ಕಿರಿದು. ಎಲ್.ಪಿ. ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಇದ್ದರೆ 78ರದು ಸುಮಾರು 75. ಆ ಕಾರಣಕ್ಕೇ ಹಳೆಯ ಕಾರ್ಟ್ರಿಜ್‌ಗಳಲ್ಲಿ ಒಂದು ಪುಟ್ಟ ತಿರುಗುಹಿಡಿ ಇದ್ದು, ಆ ಕಡೆ ಒಂದು ಮುಳ್ಳು, ಈ ಕಡೆ ಒಂದು ಮುಳ್ಳು ಇರುತ್ತಿತ್ತು. ನಿಮ್ಮದರಲ್ಲಿಯೂ ಅದು ಇರಬಹುದು, ಟಾರ್ಚು ಬಿಟ್ಟು ನೋಡಿ. 78ರ ಕಡೆ ತಿರುಗಿಸಿಟ್ಟು ಎಲ್.ಪಿ. ಹಾಕಿದರೆ ಅದರ ಆಯಸ್ಸು ಅಲ್ಲಿಗೆ ಮುಗಿಯಿತು.

ಶಿರಾ ಸ್ಟೀರಿಯೊ:
ಕ್ಷಮಿಸಿ, ನಾನು ಭಾವಮೈದನವರ ಪಕ್ಷ. ಸಿ.ಡಿ. 1982ರಲ್ಲಿ ಬಂದಾಗಲೇ ಈ ಪ್ರಶ್ನೆ ತೀರ್ಮಾನವಾಗಿದೆ. ಅದು ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಪ್ರತಿ ಅಳತೆಯನ್ನೂ ಹದಿನಾರು ಬಿಟ್ಟಿನ ಅಂಕಿಯಾಗಿ ಬರೆದಿಡುತ್ತದೆ. ಹದಿನಾರು ಬಿಟ್ ಎಂದರೆ ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನು ಹಿಡಿಯಬಹುದು. ಒಳ್ಳೆಯ ಎಲ್.ಪಿ. ಕೂಡ ಎಪ್ಪತ್ತರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಈಗ ಸಿ.ಡಿ.ಯಷ್ಟೇ ಗುಣಮಟ್ಟದ ಧ್ವನಿ ತಿಂಗಳ ಚಂದಾದಲ್ಲಿ ಮನೆಗೆ ಬರುತ್ತಿದೆ. ಟರ್ನ್‌ಟೇಬಲ್ಲಿಗೆ ಸುರಿಯುವ ಹಣವನ್ನೂ ಸ್ಪೀಕರಿಗೇ ಹಾಕಿ, ಫೋನಿನಿಂದ ಕೇಳಿ. ‘ಎಲ್.ಪಿ.ಯಲ್ಲಿ ಬೆಚ್ಚನೆಯ ನಾದ ಇದೆ’ ಎನ್ನುವವರಲ್ಲಿ ಬಹುಪಾಲು ಜನ ಮೆಚ್ಚುವುದು ಸಿರಾಮಿಕ್ ಕಾರ್ಟ್ರಿಜ್ಜು ಮೇಲಿನ ಸ್ವರಗಳನ್ನು ನುಂಗಿದ ಸದ್ದನ್ನು.

ಕೋಲಾರದ ಮೇಷ್ಟ್ರು:
ಶಿರಾದ ಗೆಳೆಯರು ಕೊಟ್ಟ ಅಂಕಿಗಳಲ್ಲಿ ತಕರಾರಿಲ್ಲ. ಆದರೆ ಕೇಳಿದ್ದು ‘ಏನನ್ನು ಕೊಳ್ಳಬೇಕು’ ಎಂದು; ಉತ್ತರ ಬಂದದ್ದು ‘ಎಷ್ಟು ಬಿಟ್’ ಎಂದು. ಚಂದಾ ಕಟ್ಟಿದವನು ಹಾಡನ್ನು ಕೊಂಡಿರುವುದಿಲ್ಲ, ಕೇಳುವ ಅನುಮತಿಯನ್ನು ಬಾಡಿಗೆಗೆ ಪಡೆದಿರುತ್ತಾನೆ. ಧ್ವನಿಮುದ್ರಣ ಸಂಸ್ಥೆಗೂ ಆ್ಯಪ್‌ನವರಿಗೂ ಒಪ್ಪಂದ ಮುಗಿದ ದಿನ ಹಾಡು ಪಟ್ಟಿಯಲ್ಲಿ ಮಸುಕಾಗಿ ಕಾಣುತ್ತದೆ, ಒತ್ತಿದರೆ ಬರುವುದಿಲ್ಲ. ಅಂಗಡಿಯೇ ಮುಚ್ಚಿದ ಉದಾಹರಣೆಗಳೂ ಕಡಿಮೆಯಿಲ್ಲ. ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಎಂ.ಪಿ.ತ್ರೀ ಅಂಗಡಿ ತೆರೆದು ಮರುವರ್ಷವೇ ಬಾಗಿಲು ಹಾಕಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. 2014ರಲ್ಲಿ ಬಂದ ಏರ್‌ಟೆಲ್‌ನ ಹಾಡಿನ ಆ್ಯಪ್ ವಿಂಕ್ 2024ರಲ್ಲಿ ಹೋಯಿತು. ಇವುಗಳಲ್ಲಿ ಫ್ಲೈಟಿನಿಂದ ಹಣ ಕೊಟ್ಟು ಕಡತವನ್ನು ಇಳಿಸಿಕೊಂಡವರ ಬಳಿ ಆ ಹಾಡು ಈಗಲೂ ಇರುತ್ತದೆ, ಏಕೆಂದರೆ ಅದಕ್ಕೆ ಯಾವ ಬೀಗವೂ ಇರಲಿಲ್ಲ. ಬರೀ ಪಟ್ಟಿ ಮಾಡಿಕೊಂಡು ಕೇಳುತ್ತಿದ್ದವರಿಗೆ ಉಳಿದದ್ದು ಪಟ್ಟಿ ಮಾತ್ರ.

ಎರಡನೆಯ ದೂರು ಇನ್ನೂ ದೊಡ್ಡದು. ಎಲ್.ಪಿ.ಯ ಹೊದಿಕೆಯನ್ನು ತಿರುಗಿಸಿದರೆ ಹಾಡಿದವರು, ಬರೆದವರು, ರಾಗ ಹಾಕಿದವರು, ಕೆಲವೊಮ್ಮೆ ಪಿಟೀಲು ಮೃದಂಗದವರ ಹೆಸರು ಕೂಡ ಅಚ್ಚಾಗಿರುತ್ತಿತ್ತು. ಈಗ ಭಾವಗೀತೆಯೊಂದನ್ನು ತೆರೆದರೆ ಕವಿಯ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರು, ಗಾಯಕರ ಜಾಗದಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದು ಇರುತ್ತದೆ. ತರಗತಿಯಲ್ಲಿ ಮಕ್ಕಳಿಗೆ ಹಾಡು ಕೇಳಿಸಿ ‘ಇದನ್ನು ಬರೆದವರು ಯಾರು’ ಎಂದು ಕೇಳಿದರೆ ಅವರು ಫೋನು ನೋಡಿ ಕ್ಯಾಸೆಟ್ ಕಂಪನಿಯ ಹೆಸರು ಹೇಳುತ್ತಾರೆ. ಮಕ್ಕಳನ್ನು ಬಯ್ಯುವಂತೆಯೂ ಇಲ್ಲ.

ಶಿರಾ ಸ್ಟೀರಿಯೊ:
ಮೇಷ್ಟ್ರೇ, ಹೊದಿಕೆ ಓದುವುದಕ್ಕೆ ಎಲ್.ಪಿ. ಕೊಳ್ಳಬೇಕು ಎಂದರೆ ನಾನು ಒಪ್ಪುತ್ತೇನೆ, ಕೇಳುವುದಕ್ಕೆ ಎಂದರೆ ಒಪ್ಪುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಎಲ್.ಪಿ. ಮಾರಾಟದ ಹಣ ಸಿ.ಡಿ.ಯದನ್ನು ಮೀರಿತಂತೆ, 1986ರ ಬಳಿಕ ಅದೇ ಮೊದಲು. ಹಾಗೆ ಕೊಂಡವರೆಲ್ಲ ಅದನ್ನು ಮುಳ್ಳಿನಡಿ ಇಡುತ್ತಾರೆ ಎಂದು ನನಗಂತೂ ಅನ್ನಿಸುವುದಿಲ್ಲ. ಗೋಡೆಗೆ ತೂಗುಹಾಕುವುದಕ್ಕೂ ಬೇಕಲ್ಲ.

ಚಿಂತಾಮಣಿ ವೀಣೆ:
ಇಬ್ಬರೂ ಎಲ್.ಪಿ., ಸಿ.ಡಿ., ಚಂದಾ ಎಂದು ಜಗಳವಾಡುತ್ತ ನಮ್ಮ ಊರುಗಳ ಜನ ನಿಜವಾಗಿ ಹಾಡು ಕೊಂಡ ವಸ್ತುವನ್ನೇ ಬಿಟ್ಟುಬಿಟ್ಟಿರಿ. ಎಲ್.ಪಿ. ಇದ್ದ ಮನೆಗಳು ಊರಿಗೆ ನಾಲ್ಕೋ ಐದೋ. ಮನೆಮನೆಗೆ ಸಂಗೀತ ತಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿಯೇ ತೋರಿಸಿತ್ತಾದರೂ ನಮ್ಮಲ್ಲಿ ಅದು ಹಬ್ಬಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ ಮತ್ತು ಎಂಬತ್ತರ ದಶಕದಲ್ಲಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಕವಿತೆಯೂ ಅಂಗಡಿಯಲ್ಲಿ ಸಿಗುವ ಸರಕಾಯಿತು. ಲಹರಿ, ಸಂಗೀತಾ ಕಂಪನಿಗಳ ಕ್ಯಾಸೆಟ್ಟು ಕಿರಾಣಿ ಅಂಗಡಿಯ ಗಾಜಿನ ಕಪಾಟಿನಲ್ಲಿಯೂ ಇರುತ್ತಿದ್ದುವು.

ಇದರ ಪಕ್ಕದಲ್ಲಿಯೇ ಇನ್ನೊಂದು ವ್ಯಾಪಾರ ನಡೆಯುತ್ತಿತ್ತು. ನೋಟುಪುಸ್ತಕದ ಹಾಳೆಯಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಅರವತ್ತರ ಕ್ಯಾಸೆಟ್ಟಿನೊಂದಿಗೆ ಅಂಗಡಿಗೆ ಕೊಟ್ಟರೆ ಒಂದೆರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಪಕ್ಕಕ್ಕೆ ಮೂವತ್ತು ನಿಮಿಷವಾದ್ದರಿಂದ ಏಳೆಂಟು ಹಾಡು ಹಿಡಿಯುತ್ತಿತ್ತು. ಕೊನೆಯ ಹಾಡು ಚರಣದ ನಡುವೆ ಕಡಿದುಹೋದರೆ ಅದನ್ನು ಹಾಗೆಯೇ ಕೇಳಿ ರೂಢಿಯಾಗಿ, ಮುಂದೆ ಎಲ್ಲಿ ಆ ಹಾಡು ಕೇಳಿದರೂ ಕಿವಿ ಅಲ್ಲಿಯೇ ನಿಂತುಬಿಡುತ್ತಿತ್ತು. ಆಮೇಲೆ ಅದೇ ಅಂಗಡಿಯವರು ಎಂ.ಪಿ.ತ್ರೀ ಸಿ.ಡಿ. ಇಟ್ಟರು, ನೂರೈವತ್ತು ಹಾಡು ಒಂದರಲ್ಲಿ. ಬಳಿಕ ಮೊಬೈಲ್ ರೀಚಾರ್ಜ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಟ್ಟರು. ಹಾಗೆಂದು ನೋಡಿದರೆ ಪಟ್ಟಿ ಕೊಟ್ಟು ತುಂಬಿಸುವ ಪದ್ಧತಿ ಮೂವತ್ತು ವರ್ಷ ಬದಲಾಗಲೇ ಇಲ್ಲ.

ನಾನು ಹೇಳಬೇಕಾದದ್ದು ಇಷ್ಟು. ಕೈವಾರದಂಥ ಕ್ಷೇತ್ರಗಳಲ್ಲಿ, ಜಾತ್ರೆಗಳಲ್ಲಿ ಸಣ್ಣಪುಟ್ಟ ಕಂಪನಿಗಳು ಹೊರತಂದ ತತ್ವಪದ, ಭಜನೆ, ಹರಿಕಥೆಗಳ ಕ್ಯಾಸೆಟ್ಟು ಮಾರಾಟವಾಗುತ್ತಿದ್ದವು. ಆ ಕಂಪನಿಗಳಲ್ಲಿ ಎಷ್ಟೋ ಈಗ ಇಲ್ಲ. ಅವರ ಮಾಸ್ಟರ್ ಟೇಪನ್ನು ಯಾರೂ ಯಾವ ಆ್ಯಪಿಗೂ ಏರಿಸಿಲ್ಲ. ಕ್ಯಾತ್ಸಂದ್ರದವರೇ, ನಿಮ್ಮ ಟ್ರಂಕುಗಳಲ್ಲಿ ಅಂಥವು ಇದ್ದರೆ ಸ್ಪೀಕರಿನ ಯೋಚನೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ಅವುಗಳ ಕಡೆ ನೋಡಿ.

ರಾಬರ್ಟ್‌ಸನ್‌ಪೇಟೆ:
ಹೊಸ ಟರ್ನ್‌ಟೇಬಲ್ ತರುವುದಾದರೆ ಒಂದು ಎಚ್ಚರಿಕೆ. ಕೆ.ಜಿ.ಎಫ್.ನಲ್ಲಿ ನಮ್ಮ ಪರಿಚಯದವರೊಬ್ಬರಿಗೆ ಅಮೆರಿಕದಲ್ಲಿರುವ ಅಳಿಯ ಹಳೆಯದೊಂದು ಟರ್ನ್‌ಟೇಬಲ್ ತಂದುಕೊಟ್ಟ. 110 ವೋಲ್ಟಿನದು ಎಂದು ಟ್ರಾನ್ಸ್‌ಫಾರ್ಮರ್ ಹಾಕಿದರು, ತಟ್ಟೆ ತಿರುಗಿತು, ಆದರೆ ಬಾಲಮುರಳಿಯವರ ಕಂಠ ಯಾರದೋ ಅಜ್ಜನ ಕಂಠವಾಗಿ ಕೇಳಿಸಿತು. ಮೋಟಾರು ಸಿಂಕ್ರನಸ್ ಜಾತಿಯದು. ಅದರ ವೇಗ ವೋಲ್ಟೇಜನ್ನು ನೋಡುವುದಿಲ್ಲ, ಕರೆಂಟಿನ ಆವರ್ತನವನ್ನು, ಎಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು, ನೋಡುತ್ತದೆ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಹಾಗಾಗಿ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28ಕ್ಕೂ ಕಡಿಮೆ ಸುತ್ತುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸೀತು, ಹರ್ಟ್ಸನ್ನು ಬದಲಿಸದು. ಮೋಟಾರಿಗೆ ಹಾಕುವ, 50 ಹರ್ಟ್ಸಿಗೆ ತಕ್ಕ ಗಾತ್ರದ ಪುಲ್ಲಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಷೋಕೇಸಿಗೆ. ಈಗಿನ ಅಡಾಪ್ಟರ್ ಹಾಕುವ ಡಿ.ಸಿ. ಮೋಟಾರಿನ ಬೆಲ್ಟ್ ಡ್ರೈವ್‌ಗಳಲ್ಲಿ ಈ ತಾಪತ್ರಯವಿಲ್ಲ.

ಚಿಂತಾಮಣಿ ವೀಣೆ:
ಲೆಕ್ಕ ಸರಿಯಾಗಿದೆ. ಆರರಲ್ಲಿ ಐದು ಪಾಲಿನ ವೇಗ ಎಂದರೆ ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕೆಳಗೆ ಇಳಿಯುತ್ತದೆ, ತಾಳವೂ ಎಳೆಯುತ್ತದೆ. ಮಧ್ಯಮ ಕಾಲದ ಕೃತಿ ವಿಳಂಬವಾಗಿ ಕೇಳಿಸಿರಬೇಕು.

ಮಧುಗಿರಿ ಬೆಟ್ಟ:
ನಲವತ್ತು ಸಾವಿರ ಇದ್ದ ಮೇಲೆ ಇಷ್ಟು ತಲೆಬಿಸಿ ಏಕೆ? ಒಂದು 5.1 ಹೋಂ ಥಿಯೇಟರ್ (ಐದು ಸ್ಪೀಕರ್, ಒಂದು ಬೇಸ್ ಡಬ್ಬ) ತನ್ನಿ. ನಮ್ಮ ಮನೆಯಲ್ಲಿ ಹತ್ತು ಸಾವಿರ ವ್ಯಾಟಿನದು ಇದೆ. ಬೇಸ್ ಹಾಕಿದರೆ ಪಾತ್ರೆ ಸ್ಟ್ಯಾಂಡು ಅದುರುತ್ತದೆ.

ಹಳೇ ಬೆಸುಗೆ:
ಮಧುಗಿರಿಯವರೇ, ಹತ್ತು ಸಾವಿರ ವ್ಯಾಟ್ ನಿಜವಾಗಿದ್ದರೆ ನಿಮ್ಮ ಮನೆಯ ಮೇನ್ ಫ್ಯೂಸ್ ಮೊದಲು ಅದುರುತ್ತಿತ್ತು. ಡಬ್ಬದ ಮೇಲೆ ಬರೆದಿರುವುದು ಪಿ.ಎಂ.ಪಿ.ಒ. ಎಂಬ ಲೆಕ್ಕ, ಅದನ್ನು ಅಳೆಯುವುದಕ್ಕೆ ಒಪ್ಪಿತವಾದ ಕ್ರಮವೇ ಇಲ್ಲ, ಮಾರುವವರ ಧೈರ್ಯಕ್ಕೆ ತಕ್ಕಂತೆ ಸೊನ್ನೆ ಸೇರುತ್ತವೆ. ಹಿಂಬದಿಯ ಚೀಟಿಯಲ್ಲಿ ಕರೆಂಟು ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಇರುತ್ತದೆ, ಅದನ್ನು ಓದಿ. ಎಂಬತ್ತು ವ್ಯಾಟ್ ಎಳೆಯುವ ಪೆಟ್ಟಿಗೆ ಎಂಬತ್ತಕ್ಕಿಂತ ಹೆಚ್ಚನ್ನು ನಿರಂತರವಾಗಿ ಹೊರಗೆ ಕೊಡಲಾರದು.

ಕೊಳ್ಳುವಾಗ ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್ (ನಿರಂತರವಾಗಿ ಕೊಡಬಲ್ಲ ಶಕ್ತಿ) ಮತ್ತು ಸ್ಪೀಕರಿನ ಸೂಕ್ಷ್ಮತೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದೇ ಆ ಸೂಕ್ಷ್ಮತೆ. 86 ಡೆಸಿಬೆಲ್ಲಿನ ಸ್ಪೀಕರಿಗೆ ನಲವತ್ತು ವ್ಯಾಟ್ ಕೊಟ್ಟರೆ ಬರುವ ಸದ್ದು 89ರ ಸ್ಪೀಕರಿಗೆ ಇಪ್ಪತ್ತು ವ್ಯಾಟಿನಲ್ಲಿಯೇ ಬರುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆಗೆ ಚಾನೆಲ್ಲಿಗೆ, ಎಂದರೆ ಒಂದೊಂದು ಬಾಕ್ಸಿಗೆ, ಮೂವತ್ತು ನಲವತ್ತು ವ್ಯಾಟ್ ಧಾರಾಳ. ಸಂಗೀತ ಕೇಳುವುದಕ್ಕೆ ಆರು ಚಿಕ್ಕ ಡಬ್ಬಗಳಿಗಿಂತ ಎರಡು ಒಳ್ಳೆಯ ಬಾಕ್ಸುಗಳೇ ಮೇಲು.

ಮಧುಗಿರಿ ಬೆಟ್ಟ:
ಗಣೇಶನ ಹಬ್ಬಕ್ಕೆ ನಮ್ಮ ಹೋಂ ಥಿಯೇಟರ್ ಬೀದಿಗೆಲ್ಲ ಕೇಳಿಸಿತ್ತು ಸ್ವಾಮಿ. ಚೀಟಿ ಓದುವ ಅಗತ್ಯ ಬೀಳಲಿಲ್ಲ.

ಗುಬ್ಬಿಗೇಟ್:
ಬೀದಿಗೆ ಕೇಳಿಸುವುದು ಬೇರೆ, ಬೀದಿಯವರು ಕೇಳುವುದು ಬೇರೆ.

ತಿಪಟೂರು ತೆಂಗು:
ಎಲ್ಲರೂ ಯಂತ್ರದ ಬಗ್ಗೆ ಹೇಳಿದರು, ಕೋಣೆಯ ಬಗ್ಗೆ ಯಾರೂ ಹೇಳಲಿಲ್ಲ. ಈಗಿನ ಮನೆ ಎಂದ ಮೇಲೆ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಹಚ್ಚಿ ನುಣುಪು ಮಾಡಿದ ಪ್ಲಾಸ್ಟರ್, ಮೇಲೆ ಆರ್.ಸಿ.ಸಿ. ಇರುತ್ತದೆ. ಆ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟರ್‍ರೆಂದು ಸದ್ದು ಎಳೆದುಕೊಂಡು ಹೋದರೆ ಎಂಥ ಸ್ಪೀಕರ್ ತಂದರೂ ಹಾಡಿನ ಸಾಹಿತ್ಯ ಸ್ಪಷ್ಟವಾಗುವುದಿಲ್ಲ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂಬದಿಯ ಗೋಡೆಗೆ ಪುಸ್ತಕ ತುಂಬಿದ ಕಪಾಟು, ಇಷ್ಟಕ್ಕೆ ಆಗುವ ಖರ್ಚು ಆಂಪ್ಲಿಫೈಯರಿನ ಕಾಲು ಭಾಗವೂ ಅಲ್ಲ. ಬಾಕ್ಸನ್ನು ಮೂಲೆಗೆ ಒತ್ತಿ ಇಡಬೇಡಿ, ಬೇಸು ಗುಂಯ್‌ಗುಡುತ್ತದೆ. ಗೋಡೆಯಿಂದ ಒಂದೆರಡು ಅಡಿ ಈಚೆ, ಕುಳಿತಾಗ ಕಿವಿಯ ಮಟ್ಟಕ್ಕೆ ಟ್ವೀಟರ್ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್) ಬರುವಂತೆ ಇರಲಿ. ನೀವು ಕೂರುವ ಜಾಗ ಮತ್ತು ಎರಡು ಬಾಕ್ಸುಗಳು ಸರಿಸುಮಾರು ಸಮಬಾಹು ತ್ರಿಕೋನವಾದರೆ ಹಾಡುವವರು ನಡುವೆ ಕುಳಿತು ಹಾಡಿದಂತೆ ಆಗುತ್ತದೆ.

ನಮ್ಮ ಕಡೆಯ ಅರ್ಥಿಂಗಿನ ವಿಷಯವನ್ನೂ ಹೇಳಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥ್ ಗುಂಡಿ ಕೆಲಸ ಮಾಡದೆ ಹೋದಾಗ ಟರ್ನ್‌ಟೇಬಲ್ಲಿನಿಂದ ಮೊದಲು ಬರುವುದು ಹಮ್ ಎಂಬ ಸದ್ದು. ಗುಂಡಿಗೆ ಆಗಾಗ ನೀರು ಹಾಕಿ. ಟರ್ನ್‌ಟೇಬಲ್ಲಿನಿಂದ ಬರುವ ಸಣ್ಣ ಅರ್ಥ್ ತಂತಿಯನ್ನು ಆಂಪ್ಲಿಫೈಯರಿನ ಹಿಂದಿನ ತಿರುಪಿಗೆ ಬಿಗಿಯಿರಿ. ಅದನ್ನು ಎಲ್ಲಿಗೆ ಹಾಕುವುದೆಂದು ತಿಳಿಯದೆ ಕತ್ತರಿಸಿ ಎಸೆದವರನ್ನೂ ಕಂಡಿದ್ದೇನೆ.

ಕ್ಯಾತ್ಸಂದ್ರ ಕೇಳುಗ:
ಎಲ್ಲರಿಗೂ ಕೃತಜ್ಞತೆಗಳು. ಚಪ್ಪಾಳೆ ತಟ್ಟಿ ನೋಡಿದೆ; ಟರ್‍ರೆಂದಿತು. ಜಮಖಾನದ ಮಾತನ್ನು ಮನೆಯಲ್ಲಿ ಎತ್ತಿದ್ದೇನೆ, ಧೂಳು ಹೊಡೆಯುವವರು ಯಾರು ಎಂಬಲ್ಲಿ ಚರ್ಚೆ ನಿಂತಿದೆ.

ಚಿಂತಾಮಣಿಯವರ ಮಾತು ಮನಸ್ಸಿಗೆ ತಾಗಿದ್ದರಿಂದ ಟ್ರಂಕು ತೆಗೆದೆ. ಭಜನಾ ಮಂಡಳಿಯವರ ಹಾಡಿಕೆಯಲ್ಲಿ ಹಾಡಿದವರಲ್ಲಿ ಬಹುತೇಕ ಹಿರಿಯರು ಈಗಿಲ್ಲ. ತಂದೆಯವರ ಕೈಬರಹದ ಚೀಟಿಗಳು ಕೆಲವು ಉದುರಿವೆ. ಒಂದು ಕ್ಯಾಸೆಟ್ಟನ್ನು ಪಕ್ಕದ ಮನೆಯ ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿ ನೋಡೋಣವೆಂದಿದ್ದೇನೆ. ಹಾಕಬಹುದೆ?

ಹಳೇ ಬೆಸುಗೆ:
ಖಂಡಿತ ಬೇಡ. ಬಳಸದೆ ಇಟ್ಟ ಯಂತ್ರದ ರಬ್ಬರ್ ಉರುಳೆ ಅಂಟಂಟಾಗಿರುತ್ತದೆ, ರೀಲನ್ನು ಸುತ್ತಿಕೊಂಡು ನುಂಗಿಬಿಡುತ್ತದೆ. ಮೊದಲು ಏನೂ ಬೆಲೆಯಿಲ್ಲದ ಒಂದು ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಬೇಕು. ರೀಲಿನಿಂದ ದನಿಯನ್ನು ಓದುವ ಹೆಡ್ಡನ್ನು, ಅದರ ಪಕ್ಕದ ಉಕ್ಕಿನ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಬೇಕು.

ಇನ್ನು ಕ್ಯಾಸೆಟ್ಟು. ಒಳಗೆ ರೀಲನ್ನು ಹೆಡ್ಡಿಗೆ ಒತ್ತುವ ಪುಟ್ಟ ಬಟ್ಟೆತುಂಡೊಂದು ತಗಡಿನ ಮೇಲೆ ಅಂಟಿಸಿರುತ್ತದೆ. ಹಳೆಯವುಗಳಲ್ಲಿ ಅದು ಕಳಚಿ ಬಿದ್ದಿರುತ್ತದೆ. ಆಗ ಸದ್ದು ಮಂಕಾಗಿ ಏರಿಳಿಯುತ್ತದೆ. ನಾಲ್ಕು ಮೂಲೆಗೂ ತಿರುಪು ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಬೇರೆ ಕ್ಯಾಸೆಟ್ಟಿನ ಬಟ್ಟೆ ಹಾಕಬಹುದು. ತಿರುಪಿಲ್ಲದೆ ಅಂಟಿಸಿದ್ದಾದರೆ ಅಂಚನ್ನು ಬ್ಲೇಡಿನಲ್ಲಿ ಸೀಳಿ, ಎರಡು ಸುರುಳಿಗಳನ್ನು ಮೆಲ್ಲಗೆ ಎತ್ತಿ ಇನ್ನೊಂದು ಗೂಡಿಗೆ ಕೂರಿಸಬೇಕು. ರೀಲಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ, ಸೀನು ಬರುವಾಗ ಈ ಕೆಲಸಕ್ಕೆ ಕೂರಬೇಡಿ. ಹಾಡಿಸುವ ಮೊದಲು ಒಮ್ಮೆ ಕೊನೆಯವರೆಗೂ ಮುಂದಕ್ಕೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ಮೇಲಂಚಿನಲ್ಲಿರುವ ರೆಕಾರ್ಡ್ ತಡೆಯ ಪ್ಲಾಸ್ಟಿಕ್ ಚೂರುಗಳನ್ನು ಈಗಲೇ ಮುರಿದುಬಿಡಿ. ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ.

ಶಿರಾ ಸ್ಟೀರಿಯೊ:
ಈ ಕೆಲಸದಲ್ಲಿ ನಾನೂ ನಿಮ್ಮ ಪಕ್ಷ, ಏಕೆಂದರೆ ಇದು ಯಾವ ಚಂದಾದಲ್ಲಿಯೂ ಸಿಗುವ ವಸ್ತುವಲ್ಲ. ಕಂಪ್ಯೂಟರಿಗೆ ಹಾಕುವಾಗ ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ ತಂತಿ ಎಳೆದು, ಸದ್ದನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕಳಿಸುವ ಒಂದು ಯು.ಎಸ್.ಬಿ. ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ಒಡೆದ ಸದ್ದು ಬರುತ್ತದೆ. ಆಡಾಸಿಟಿ ತಂತ್ರಾಂಶ ಉಚಿತ, ಅಷ್ಟು ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ದನಿಯಲ್ಲಿ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ಕಡತವಾಗಿ ಇಡಿ, ಎಂ.ಪಿ.ತ್ರೀ ಮಾಡುವುದಾದರೆ ಅದರ ಪ್ರತಿಯಿಂದ ಮಾಡಿ. ಸುಯ್ ಎನ್ನುವ ಸದ್ದನ್ನು ತೆಗೆಯುವ ಗುಂಡಿಯನ್ನು ಮೂಲ ಕಡತದ ಮೇಲೆ ಒತ್ತಬೇಡಿ. ಸದ್ದಿನ ಜೊತೆಗೆ ತಾಳದ ಕಿಂಕಿಣಿಯೂ ಹೋಗುತ್ತದೆ.

ಟೇಪಿನ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇದೆ. ನಿಮ್ಮ ತಂದೆಯವರು ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಇದ್ದ ಕೋನಕ್ಕೂ ಈಗ ಹಾಡಿಸುವ ಯಂತ್ರದ ಹೆಡ್ಡಿನ ಕೋನಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದರೂ ಮೇಲಿನ ಸ್ವರಗಳು ಸತ್ತಿರುತ್ತವೆ. ಹಾಡುತ್ತಿರುವಾಗಲೇ ಆ ತಿರುಪನ್ನು ಮೆಲ್ಲಗೆ ತಿರುಗಿಸುತ್ತ, ತಾಳದ ಸದ್ದು ಅತ್ಯಂತ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ.

ಕೋಲಾರದ ಮೇಷ್ಟ್ರು:
ಕಡತಕ್ಕೆ ಹೆಸರಿಡುವಾಗ ‘ಟ್ರ್ಯಾಕ್ 1, ಟ್ರ್ಯಾಕ್ 2’ ಎಂದು ಬಿಡಬೇಡಿ. ಹಾಡು, ಹಾಡಿದವರು, ಊರು, ಸಂದರ್ಭ, ಗೊತ್ತಿದ್ದರೆ ವರ್ಷ ಇವನ್ನೆಲ್ಲ ಕನ್ನಡದಲ್ಲಿಯೇ ಬರೆಯಿರಿ. ಉದುರಿದ ಚೀಟಿಗಳ ಫೋಟೊ ತೆಗೆದು ಆಯಾ ಕಡತದ ಜೊತೆಗೇ ಇಡಿ. ಮಂಡಳಿಯ ಹಿರಿಯರು ಯಾರಾದರೂ ಇದ್ದರೆ ಅವರ ಮುಂದೆ ಕುಳಿತು ಒಮ್ಮೆ ಕೇಳಿಸಿ. ದನಿ ಕೇಳಿ ಹೆಸರು ಹೇಳುವವರು ಇರುವಾಗಲೇ ಆ ಕೆಲಸ ಆಗಬೇಕು.

ಮಧುಗಿರಿ ಬೆಟ್ಟ:
ಹಾಗೆಯೇ ಟ್ರಂಕಿನಲ್ಲಿರುವ ಕಂಪನಿ ಕ್ಯಾಸೆಟ್ಟುಗಳನ್ನೂ ಯೂಟ್ಯೂಬಿಗೆ ಏರಿಸಿಬಿಡಿ, ಎಲ್ಲರೂ ಕೇಳಲಿ. ಅರವತ್ತು ವರ್ಷ ಆದರೆ ಹಕ್ಕು ಮುಗಿಯುತ್ತದೆಯಲ್ಲವೆ?

ಕೋಲಾರದ ಮೇಷ್ಟ್ರು:
ಅಷ್ಟು ಸುಲಭವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಇರುತ್ತದೆ. ಎಂಬತ್ತರ ದಶಕದ ಕ್ಯಾಸೆಟ್ಟಿಗೆ ಆ ಅವಧಿ ಇನ್ನೂ ಬಹಳ ಬಾಕಿಯಿದೆ. ಅದು ಮುಗಿದರೂ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆಯೇ. ಅದು ಕರ್ತೃವಿನ ನಿಧನದ ಬಳಿಕ ಅರವತ್ತು ವರ್ಷ ನಡೆಯುತ್ತದೆ. ದಾಸರ ಪದಕ್ಕೆ ಆ ಚಿಂತೆಯಿಲ್ಲ, ಭಾವಗೀತೆಗೆ ಇದೆ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದಕ್ಕೆ ಕಾಯಿದೆಯಲ್ಲಿ ಅವಕಾಶ ಉಂಟು, ಊರಿಗೆಲ್ಲ ಹಂಚುವುದಕ್ಕೆ ಇಲ್ಲ.

ಚಿಂತಾಮಣಿ ವೀಣೆ:
ಮೆಮೊರಿ ಕಾರ್ಡಿಗೆ ತುಂಬಿಸಿದ ಅಂಗಡಿಯವರೆಲ್ಲ ಈ ಕಾಯಿದೆ ಓದಿದ್ದರೆ ನಮ್ಮ ಜಿಲ್ಲೆಯಲ್ಲಿ ಅರ್ಧ ಜನಕ್ಕೆ ಹಾಡೇ ಇರುತ್ತಿರಲಿಲ್ಲ. ಅದಿರಲಿ, ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಹೊಸ ಸಿನಿಮಾ ಹಾಡಿಗೆ ಚಂದಾ ಸಾಕು, ಅದನ್ನು ಮುಂದಿನ ವರ್ಷ ನೀವೇ ಕೇಳುವುದಿಲ್ಲ. ಮತ್ತೆ ಮತ್ತೆ ಕೇಳುವ ಕಚೇರಿ, ಭಾವಗೀತೆ, ವಚನಗಳನ್ನು ಸಿ.ಡಿ.ಯಲ್ಲಿ ಕೊಳ್ಳಿ. ಬೆಂಗಳೂರಿನ ಭಾನುವಾರದ ಸಂತೆಬಜಾರಿನಲ್ಲಿ ಹಳೆಯ ಸಿ.ಡಿ.ಗಳನ್ನು ಈಗ ಕೇಳುವವರಿಲ್ಲ, ಚೌಕಾಸಿ ಮಾಡಿದರೆ ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಬೆಳಕಿಗೆ ಹಿಡಿದು ನೋಡಿ. ಬೆಳ್ಳಿಬಣ್ಣದ ಪದರದಲ್ಲಿ ಸೂಜಿಮೊನೆಯಂಥ ತೂತು ಕಂಡರೆ ಬಿಡಿ. ಈಗಿನ ಸ್ವತಂತ್ರ ಕಲಾವಿದರು ಬ್ಯಾಂಡ್‌ಕ್ಯಾಂಪಿನಂಥ ಜಾಲತಾಣಗಳಲ್ಲಿ ಕಡತವನ್ನೇ ಮಾರುತ್ತಾರೆ, ಅಲ್ಲಿ ಕೊಂಡದ್ದನ್ನು ಇಳಿಸಿ ಇಟ್ಟುಕೊಳ್ಳಬಹುದು.

ಶಿರಾ ಸ್ಟೀರಿಯೊ:
ಸಿ.ಡಿ. ಹಾಡಿಸುವುದಕ್ಕೆ ಡ್ರೈವ್ ಯಾವ ಲ್ಯಾಪ್‌ಟಾಪಿನಲ್ಲಿದೆ ಮೇಡಂ?

ಚಿಂತಾಮಣಿ ವೀಣೆ:
ಹಳೆಯ ಡಿ.ವಿ.ಡಿ. ಪ್ಲೇಯರ್ ಯಾವ ಮನೆಯ ಅಟ್ಟದಲ್ಲಿಲ್ಲ ತಮ್ಮಾ? ಅದು ಸಿ.ಡಿ.ಯನ್ನೂ ಓದುತ್ತದೆ.

ಹಳೇ ಬೆಸುಗೆ:
ನನ್ನ ಲೆಕ್ಕ ಹೀಗೆ. ಎರಡು ಬಾಕ್ಸಿಗೆ ಹದಿನೆಂಟು ಸಾವಿರದವರೆಗೆ, ಸ್ಟೀರಿಯೊ ಆಂಪ್ಲಿಫೈಯರಿಗೆ ಹತ್ತು, ಸರಿ ಮಾಡಿದ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ಕಿಗೂ ಕಂಪ್ಯೂಟರಿನ ಇಂಟರ್‌ಫೇಸಿಗೂ ಸೇರಿ ಎಂಟು, ಉಳಿದದ್ದು ಜಮಖಾನ, ಪರದೆ, ತಂತಿಗೆ. ಹೊಸ ಟರ್ನ್‌ಟೇಬಲ್ ಮುಂದಿನ ವರ್ಷಕ್ಕೆ ಇರಲಿ. ಕೊಳ್ಳುವಾಗ ಅದರಲ್ಲಿ ಅಥವಾ ಆಂಪ್ಲಿಫೈಯರಿನಲ್ಲಿ ಫೋನೊ ಸ್ಟೇಜ್ (ಕಾರ್ಟ್ರಿಜ್ಜಿನ ಕ್ಷೀಣ ಸದ್ದನ್ನು ಹೆಚ್ಚಿಸುವ ಭಾಗ) ಇದೆಯೇ ಕೇಳಿ, ಮ್ಯಾಗ್ನೆಟಿಕ್ ಕಾರ್ಟ್ರಿಜ್ ಹೊರಡಿಸುವುದು ಕೆಲವೇ ಮಿಲಿವೋಲ್ಟ್. ನೇರ ಆಕ್ಸ್‌ ಎಂಬ ಸಾಮಾನ್ಯ ತೂತಿಗೆ ಕೊಟ್ಟರೆ ಸೊಳ್ಳೆ ಹಾಡಿದಂತಿರುತ್ತದೆ. ಅಲ್ಲಿಯವರೆಗೆ ಎಲ್.ಪಿ.ಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಗೋಡೆಯ ಕಡೆ ಇಡಿ.

ಕ್ಯಾತ್ಸಂದ್ರ ಕೇಳುಗ:
ಈ ಲೆಕ್ಕ ನನಗೆ ಒಪ್ಪಿಗೆ, ಭಾವಮೈದನಿಗೂ ಓದಿಸಿದೆ. ಟರ್ನ್‌ಟೇಬಲ್ ಇಲ್ಲದ್ದರಿಂದ ತಾನೇ ಗೆದ್ದೆನೆಂದು ತಿಳಿದಿದ್ದಾನೆ. ಬೆಸುಗೆಯವರೇ, ಸೂಟ್‌ಕೇಸ್ ಪ್ಲೇಯರನ್ನು ಮಾತ್ರ ಕೊಡಲು ಮನಸ್ಸಿಲ್ಲ. 78ರ ತಟ್ಟೆಗಳಿಗಾದರೂ ಅದು ಆದೀತೆ?

ಹಳೇ ಬೆಸುಗೆ:
ಮುಳ್ಳು ಹೊಸದು ಸಿಕ್ಕರೆ ಆದೀತು. ಕಾರ್ಟ್ರಿಜ್ ಮೇಲೆ ಕೊರೆದಿರುವ ಅಕ್ಷರ ಮತ್ತು ಸಂಖ್ಯೆ ಓದುವಂತೆ ಒಂದು ಫೋಟೊ, ಪೆಟ್ಟಿಗೆಯ ಅಡಿಯಲ್ಲಿರುವ ಫಲಕದ್ದು ಒಂದು ಫೋಟೊ ಹಾಕಿ. ಬೆಳಕಿಗೆ ತಂದು ತೆಗೆಯಿರಿ, ಪ್ಲಗ್ ಹಾಕಬೇಡಿ.